ನಕಲು ಹಿಡಿಯಲು ಹೋದವಳು

ಫೀ ತೆಗೆದುಕೊಳ್ಳುತ್ತಾರೆ, ವೀಳ್ಯದೆಲೆ ತೆಗೆದುಕೊಳ್ಳುವುದಿಲ್ಲ ಎಂದು ತಂಗಿಯ ಗಂಡ ಹೇಳಿದ ದಿನವೇ ಶಿಗ್ಗಾವಿಯ ಆ ಮನುಷ್ಯನ ಮೇಲೆ ನನಗೆ ಸಂಶಯ ಹತ್ತಿತು.

ನನ್ನ ತಂಗಿಯನ್ನು ಕೊಟ್ಟಿರುವುದು ಸವಣೂರಿನ ಎಲೆತೋಟದ ಮನೆಗೆ. ಚಪ್ಪಲಿ ಹೊರಗೆ ಬಿಡದೆ ಅವರ ತೋಟದೊಳಗೆ ಕಾಲಿಡುವಂತಿಲ್ಲ, ಸ್ನಾನವಾಗದೆ ಬಳ್ಳಿ ಮುಟ್ಟುವಂತಿಲ್ಲ. ಅಂಥವರು ಎಳೆಯ ಎಲೆ ಆರಿಸಿ, ಬಾಳೆ ಪಟ್ಟೆಯಲ್ಲಿ ಕಟ್ಟಿ ಒಯ್ದು ಕೈಗಿಟ್ಟರೆ ಅದಕ್ಕೊಂದು ಅರ್ಥವಿರುತ್ತದೆ. ನಮ್ಮ ಕಡೆ ಹೆಣ್ಣು ಗೊತ್ತಾಗಲಿ, ಹೊಲದ ಪಾಲು ಗೊತ್ತಾಗಲಿ, ಎಲೆ ಅಡಿಕೆ ಕೈಗೆ ಬರಬೇಕು. ಹಿಡಿದವನು ಮಾತು ಕೊಟ್ಟಂತೆ. ಹಿಡಿಯದವನು ನಾಳೆ ಏನು ಬೇಕಾದರೂ ಅನ್ನಬಹುದು. ಮನೆಯ ಹೆಂಗಸಿನ ಒಳಗಿನ ಮಾತನ್ನೆಲ್ಲ ಕೇಳಿಸಿಕೊಳ್ಳುವ ಒಬ್ಬರು ಎಲೆ ಮಾತ್ರ ಮುಟ್ಟುವುದಿಲ್ಲವೆಂದರೆ, ಆ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಇರಾದೆ ಅವರಿಗಿಲ್ಲ ಎಂದೇ ನಾನು ಲೆಕ್ಕ ಹಾಕಿದೆ.

ಅವ್ವ ಹೋದಮೇಲೆ ತಂಗಿಗೆ ಮಧ್ಯಾಹ್ನಗಳು ಕಷ್ಟವಾಗಿದ್ದವು. ಬೆಳಗಿನ ಕೆಲಸವನ್ನೆಲ್ಲ ಸರಿಯಾಗಿಯೇ ಮಾಡುತ್ತಿದ್ದಳು. ಹನ್ನೆರಡು ಹೊಡೆಯಿತೆಂದರೆ ಪಡಸಾಲೆಯ ಕಂಬಕ್ಕೆ ಆತುಕೊಂಡು ಗಡಿಯಾರ ನೋಡುತ್ತ ಕೂತುಬಿಡುವಳು. ತಾಟು ಮುಂದಿಟ್ಟರೆ ರೊಟ್ಟಿ ಮುರಿಯುವಳು, ಬಾಯಿಗಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ತೋರಿಸಿದರು, ರಕ್ತ ತೆಗೆದರು, ಗುಳಿಗೆ ಕೊಟ್ಟರು. ಕೊನೆಗೆ ಯಾರದೋ ಮಾತು ಕೇಳಿ ಅವಳ ಗಂಡ ಅವಳನ್ನು ಶಿಗ್ಗಾವಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಮಹಡಿ ಮೇಲಿನ ಖೋಲಿಯಲ್ಲಿ ವಾರಕ್ಕೆ ಎರಡು ದಿನ ಬಂದು ಕೂರುವವರು ಈ ಮನುಷ್ಯ. ಧಾರವಾಡದ ಕಡೆಯವರು. ಕೆಲವು ವರ್ಷ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿದ್ದು, ಅದನ್ನು ಬಿಟ್ಟು ಬಂದು, ಮನಸ್ಸಿನ ಬೇನೆಯನ್ನು ಮಾತಾಡಿಸಿಯೇ ನೋಡುವ ಮನೋವಿಶ್ಲೇಷಣೆ ಕಲಿತವರು. ತಂಗಿಗೆ ಸೋಮವಾರ ಗೊತ್ತು ಮಾಡಿದರು.

ಓಣಿಯವರು ಮತಾಂತರದ ಮಾತೆತ್ತಿದರು. ನನಗೆ ಆ ಹೆದರಿಕೆ ಇರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿಯೂ ಗಂಡನ ಮಾತಿಗೆ ಪಲ್ಯದ ಉಪ್ಪು ಬದಲಿಸದ ಹೆಂಗಸು ನನ್ನ ತಂಗಿ, ಅವಳೆಲ್ಲಿ ಧರ್ಮ ಬದಲಿಸುತ್ತಾಳೆ. ನನ್ನ ಹೆದರಿಕೆ ಬೇರೆ ಇತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ.

ಕೊನೆಯ ಮೂರು ವರ್ಷ ಅವ್ವ ಹಾನಗಲ್ಲಿನಲ್ಲಿ ನನ್ನ ಮನೆಯಲ್ಲಿದ್ದಳು. ತೊಳೆದವಳು ನಾನು, ಉಣ್ಣಿಸಿದವಳು ನಾನು, ಬೆನ್ನಿಗೆ ಹುಣ್ಣಾಗದಂತೆ ಗಳಿಗೆಗೊಮ್ಮೆ ಹೊರಳಿಸಿದವಳು ನಾನು. ಕೊನೆಯ ದಿನ ಹನ್ನೆರಡರ ಸುಮಾರಿಗೆ ಅವಳು ಕಣ್ಣು ತೆರೆದಳು. ನನ್ನನ್ನೇ ನೋಡುತ್ತ, "ಸಣ್ಣಾಕಿ ಬಂದ್ಲೇನು?" ಅಂದಳು. ಫೋನು ಕಿಟಕಿಯ ಕಟ್ಟೆಯ ಮೇಲೆ, ಕೈಗೆಟಕುವಷ್ಟು ಹತ್ತಿರವಿತ್ತು. ನಾನು ಮಾಡಲಿಲ್ಲ. "ಬರಾಕತ್ತಾಳವ್ವಾ, ಬಸ್ಸಿನಾಗ ಅದಾಳ" ಅಂದೆ. ಮತ್ತೆ ಕೇಳಿದಳು. ಸವಣೂರು ಬಿಟ್ಟಾಳ ಅಂದೆ. ಮೂರನೆಯ ಸಲ ಕೇಳಿದಾಗ ಬಸ್ಸು ಬಂಕಾಪುರ ದಾಟೇತಿ ಅಂದೆ. ನಾಲ್ಕು ಗಂಟೆಗೆ ಅವ್ವ ಹೋದಳು. ಫೋನು ಮಾಡಿದ್ದು ಆಮೇಲೆ. ನಿದ್ದೆಯಲ್ಲೇ ಹೋದಳು, ಯಾರನ್ನೂ ಕೇಳಲಿಲ್ಲ ಎಂದು ತಂಗಿಗೆ ಹೇಳಿದೆ. ಇದಕ್ಕೆ ಹೊಟ್ಟೆಕಿಚ್ಚು ಎನ್ನುವುದು ಬಿಟ್ಟು ಬೇರೆ ಹೆಸರು ನನಗೆ ಗೊತ್ತಿಲ್ಲ.

ಆ ಮಧ್ಯಾಹ್ನ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತಿದ್ದಳು. ಏನು ಕೇಳಿಸಿಕೊಂಡಳೋ, ಯಾರಿಗೆ ಹೇಳಿದಳೋ. ತಂಗಿ ಶಿಗ್ಗಾವಿಗೆ ಹೋಗತೊಡಗಿದ ಮೇಲೆ ನನ್ನನ್ನು ನೋಡುವ ರೀತಿಯೇ ಬದಲಾಯಿತು ಅನ್ನಿಸಿತು. ಇವಳಿಗೆ ಗೊತ್ತಾಗಿದೆ, ಸೋಮವಾರ ಸೋಮವಾರ ಹೋಗಿ ನನ್ನ ಮೇಲೆ ಹೇಳಿ ಬರುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಲ್ಲಿ ಹೋಗಿ ಏನ್ ಹೇಳ್ತಿ?"

"ಮನಸಿಗೆ ಬಂದದ್ದು."

"ನನ್ನ ಬಗ್ಗೆ ಹೇಳ್ತೀಯೇನು?"

"ಬಂದ್ರ ನಿನ್ನ ಬಗ್ಗೆನೂ ಹೇಳ್ತೇನಿ."

ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು.

ಮಾತು ಕೇಳಿಸಿಕೊಳ್ಳುವವರನ್ನು ನಾನು ನಂಬದಿರುವುದಕ್ಕೆ ಹಳೆಯದೊಂದು ಕಾರಣವಿದೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಊರಿಗೊಬ್ಬರು ವಯಸ್ಸಾದ ಸ್ವಾಮಿಗಳು ಬಂದು ತಿಂಗಳೊಪ್ಪತ್ತು ಪ್ರವಚನ ಹೇಳುತ್ತಿದ್ದರು. ಅವ್ವ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ, ಕಾಲು ಮುಟ್ಟಿ, ತನ್ನ ಅತ್ತೆಯ ಬಗ್ಗೆ ಏನೋ ಹೇಳಿಕೊಂಡು ಅತ್ತಳು. ಸ್ವಾಮಿಗಳು ತಲೆದೂಗಿ ವಿಭೂತಿ ಕೊಟ್ಟರು. ಸಂಜೆ ಪ್ರವಚನದಲ್ಲಿ, ಒಂದೂರಿನಲ್ಲಿ ಒಬ್ಬ ಸೊಸೆ ಇದ್ದಳು ಎಂದು ಶುರು ಮಾಡಿದರು. ಹೆಸರಿರಲಿಲ್ಲ, ಮಿಕ್ಕಿದ್ದೆಲ್ಲ ಇತ್ತು. ಕೂತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವ್ವನ ಕಡೆ ತಿರುಗಿದರು. ಸ್ವಾಮಿಗಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಪಾಠವಾಗಲಿ ಅಂದುಕೊಂಡಿರಬೇಕು. ಅವ್ವ ಮಾತ್ರ ಅಂದಿನಿಂದ ತನಗೆ ಬೇಕಾದದ್ದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಕೇಳಿದವಳಲ್ಲ. ಕೊನೆಯ ದಿನದ ತನಕ.

ಇರಲಿ. ಅಷ್ಟರಲ್ಲಿ ಹಿರೇಕೆರೂರಿನ ಕಾಲೇಜೊಂದರಲ್ಲಿ ಆ ಮನುಷ್ಯನ ಉಪನ್ಯಾಸವಿದೆ ಎಂಬ ಸುದ್ದಿ ಬಂತು. ಮರುಭೂಮಿಯ ಸನ್ಯಾಸಿಗಳು ಮತ್ತು ಮನೋವಿಶ್ಲೇಷಣೆ, ವಿಷಯ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಪರೀಕ್ಷೆಯಲ್ಲಿ ನಕಲು ಹಿಡಿಯುವುದರಲ್ಲಿ ನನ್ನ ಹೆಸರು ತಾಲೂಕಿನಲ್ಲೆಲ್ಲ ಓಡಾಡುತ್ತಿತ್ತು. ಅದರ ಗುಟ್ಟು ಇಷ್ಟೇ: ಇಬ್ಬರ ಉತ್ತರ ಸರಿ ಇದ್ದರೆ ಏನೂ ಹೇಳಲಾಗದು, ಇಬ್ಬರೂ ಓದಿರಬಹುದು. ಇಬ್ಬರ ತಪ್ಪು ಒಂದೇ ಇದ್ದರೆ ಅದು ನಕಲು. ನಾನು ಉತ್ತರ ಬಿಟ್ಟು ತಪ್ಪುಗಳನ್ನೇ ಓದುತ್ತಿದ್ದೆ. ಅದೇ ಕಣ್ಣಿಟ್ಟುಕೊಂಡು ಬಸ್ಸು ಹತ್ತಿದೆ.

ಅವರು ನೆಟ್ಟಗೆ ನಿಂತು, ಚೀಟಿ ನೋಡದೆ ಮಾತಾಡಿದರು. ಹದಿನೈದು ನೂರು ವರ್ಷಗಳಿಗೂ ಹಿಂದೆ ಈಜಿಪ್ಟಿನ ಮರಳುಗಾಡಿಗೆ ಹೋಗಿ ಗುಡಿಸಲು ಕಟ್ಟಿಕೊಂಡ ಸನ್ಯಾಸಿಗಳಿದ್ದರಂತೆ. ಅಲ್ಲಿ ಹೊಸಬನು ತನ್ನ ಹಿರಿಯನ ಹತ್ತಿರ ಹೋಗಿ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಹೇಳಬೇಕು. ಮಾಡಿದ ಪಾಪವಷ್ಟೇ ಅಲ್ಲ, ಬಂದು ಹೋದ ಯೋಚನೆ: ಪಕ್ಕದವನ ಮೇಲಿನ ಸಿಟ್ಟು, ಊಟದ ಆಸೆ, ಓಡಿಹೋಗಬೇಕು ಅನ್ನಿಸಿದ್ದು. ಯಾವುದು ಹೇಳಲು ನಾಚಿಕೆಯೋ ಅದೇ ಮೊದಲು. ಮುಚ್ಚಿಟ್ಟ ಯೋಚನೆ ಒಳಗೇ ಬೆಳೆಯುತ್ತದೆ, ಇನ್ನೊಬ್ಬರ ಕಿವಿಗೆ ಬಿದ್ದದ್ದು ಸೊರಗುತ್ತದೆ ಎಂಬುದು ಅವರ ನಂಬಿಕೆ. ಯೋಚನೆಗಳಲ್ಲಿ ಎಂಟು ಜಾತಿ ಮಾಡಿದ್ದರು. ಒಂದು ಮಧ್ಯಾಹ್ನದ್ದು. ಅದು ಹಿಡಿದ ಸನ್ಯಾಸಿ ಉಣ್ಣಲಾರ, ಕೆಲಸ ಮಾಡಲಾರ, ಮತ್ತೆ ಮತ್ತೆ ಹೊರಗೆ ಬಂದು ಸೂರ್ಯ ಎಷ್ಟು ಸರಿದ ಎಂದು ನೋಡುತ್ತಿರುತ್ತಾನೆ.

ಕಂಬಕ್ಕೆ ಆತು ಕೂತ ತಂಗಿ ಕಣ್ಣ ಮುಂದೆ ಬಂದಳು. ಮನೆಯ ಮಾತನ್ನು ಹೀಗೆ ವೇದಿಕೆಗೆ ತಂದನಲ್ಲ ಎಂದು ರಕ್ತ ಕುದಿಯಿತು. ಆಮೇಲೆ, ಆ ಸನ್ಯಾಸಿಗಳು ನನ್ನ ತಂಗಿಗಿಂತ ಹಳಬರು ಎಂದು ಸಮಾಧಾನ ಮಾಡಿಕೊಂಡೆ.

ಅವರ ವಾದವಿದ್ದದ್ದು ಇಷ್ಟು. ಮರುಭೂಮಿಯ ಆ ಪದ್ಧತಿ ಮಠಗಳಿಗೆ ಬಂತು, ಮಠಗಳಿಂದ ಚರ್ಚಿನ ಪಾಪನಿವೇದನೆಗೆ ಬಂತು, ಶತಮಾನಗಟ್ಟಲೆ ಯುರೋಪಿನ ಗಾಳಿಯಲ್ಲಿ ಸೇರಿಕೊಂಡಿತ್ತು. ಕೊನೆಗೆ ದೇವರನ್ನೇ ನಂಬದ ವೈದ್ಯರೊಬ್ಬರು ರೋಗಿಯನ್ನು ಮಲಗಿಸಿ, ತಾನು ತಲೆಯ ಹಿಂದೆ ಕೂತು, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳು, ನಾಚಿಕೆಯೆಂದು ಬಿಡಬೇಡ ಎಂದಾಗ ಆ ಗಾಳಿಯೂ ಖೋಲಿಯೊಳಗಿತ್ತು. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಕಾಣದ ಮುಖ, ಹೊರಗೆ ಹೋಗದ ಮಾತು. ಆ ವೈದ್ಯರು ನೇರವಾಗಿ ಅಲ್ಲಿಂದಲೇ ತಂದರು ಎನ್ನಲು ಸಾಕ್ಷಿಯಿಲ್ಲ, ಬಲ್ಲವರಲ್ಲಿ ಇದರ ಬಗ್ಗೆ ಜಗಳವಿದೆ ಎಂದೂ ಸೇರಿಸಿದರು.

ನಾನು ಎದ್ದು ನಿಂತೆ. ಹಳೆಯ ಪಾತ್ರೆಗೆ ಹೊಸ ಕಲಾಯಿ ಹಾಕಿ ಮಾರುವ ಹಾಗಾಯಿತಲ್ಲ ಇದು, ಎಂದೆ. ಎರಡು ಕಡೆಯೂ ಒಂದೇ ತಪ್ಪಿದೆ: ಹೇಳುವವನು ಕೆಳಗೆ, ಕೇಳುವವನು ಮೇಲೆ. ಹೇಳುವವನ ಗುಟ್ಟು ಇವನ ಹತ್ತಿರ, ಇವನ ಗುಟ್ಟು ಯಾರ ಹತ್ತಿರ? ಕಾಲೇಜಿನ ಹುಡುಗಿಯರು ನಕ್ಕರು. ವೇದಿಕೆಯ ಮೇಲಿದ್ದವರು ನಗಲಿಲ್ಲ. ತಪ್ಪು ಹೌದು, ಎಂದರು. ಮಠದ ಹಿರಿಯನು ಕೊನೆಗೆ ಹೀಗೆ ಮಾಡು ಎಂದು ಅಪ್ಪಣೆ ಕೊಡುತ್ತಿದ್ದ, ಹೊಸಬ ಪಾಲಿಸಬೇಕಿತ್ತು. ತಾವು ಮಠ ಬಿಟ್ಟದ್ದು ಆ ಕಾರಣಕ್ಕೇ. ಇಲ್ಲಿ ಅಪ್ಪಣೆಯಿಲ್ಲ, ಇರಬಾರದು. ಆದರೂ ಅಪ್ಪಣೆ ಕೊಡುವ ಆಸೆ ಹೋಗುವುದಿಲ್ಲ, ಅದಕ್ಕೆ ತಾವೂ ಇನ್ನೊಬ್ಬರ ಹತ್ತಿರ ಹೋಗಿ ಹೇಳಿಕೊಳ್ಳುವುದುಂಟು ಎಂದರು.

ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ವಿದ್ಯಾರ್ಥಿಯನ್ನು ನಾನು ಎಂದೂ ನಂಬಿದವಳಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಕೂತು ಒಂದು ಉಪಾಯ ಮಾಡಿದೆ. ಊರು ಬಾಯಿ ಚಪ್ಪರಿಸುವಂಥ ಒಂದು ಸುಳ್ಳು ಕತೆ ಕಟ್ಟಿ ಇವರ ಕಿವಿಯಲ್ಲಿ ಹಾಕುವುದು. ಅದು ಹೊರಗೆ ಬಂದರೆ ಇವರು ಸೋರುವ ಮನುಷ್ಯ. ಆಗ ತಂಗಿಯನ್ನು ಬಿಡಿಸಿಕೊಂಡು ಬರಲು ನನಗೊಂದು ನೆಪ ಸಿಗುತ್ತದೆ.

ಗುರುವಾರ ಗೊತ್ತು ಮಾಡಿಕೊಂಡೆ. ಉಪನ್ಯಾಸದಲ್ಲಿ ಎದ್ದು ನಿಂತವಳೆಂದು ಗುರುತು ಹಿಡಿದರೂ ಯಾರ ಅಕ್ಕನೆಂದು ತಿಳಿಯದಿರಲಿ ಎಂದು, ತಿಳವಳ್ಳಿಯವಳು ಎಂದು ಬರೆಸಿದೆ. ಖೋಲಿಯಲ್ಲಿ ಒಂದು ಆರಾಮ ಕುರ್ಚಿ ಕಿಟಕಿಗೆ ಮುಖ ಮಾಡಿ ಇತ್ತು. ಅವರು ಹಿಂದೆ ಕೂತರು. ಹೋಗುವಾಗ ಬೇಕೆಂದೇ ಹಾನಗಲ್ಲ ಸಂತೆಯಿಂದ ಎಲೆ ಅಡಿಕೆ ಒಯ್ದಿದ್ದೆ. ಹಿಂದಕ್ಕೆ ತಿರುಗಿ ಚಾಚಿದೆ. ಅವರು ಕೈ ಮುಗಿದರು, ಮುಟ್ಟಲಿಲ್ಲ.

"ತಗೊಂಡ್ರ ನೀವು ನನ್ನ ಮರ್ಜಿ ಕಾಯಾಕ ಶುರು ಮಾಡ್ತೀರಿ ಅಕ್ಕಾರ. ಆಮ್ಯಾಲ ನನಗ ಚಲೋ ಅನಸೂವಂಥದ್ದು ಅಷ್ಟ ಹೇಳ್ತೀರಿ."

ಚಂದದ ಮಾತು, ಎಂದುಕೊಂಡು ಕತೆ ಶುರು ಮಾಡಿದೆ. ಮೊದಲನೆಯ ವಾರ, ನನ್ನ ಹರೆಯದಲ್ಲಿ ಬೇರೆ ಜಾತಿಯ ಒಬ್ಬ ಡ್ರಾಯಿಂಗ್ ಮಾಸ್ತರ ಜೊತೆ ಓಡಿಹೋಗಲು ನಿಶ್ಚಯವಾಗಿತ್ತು ಎಂದೆ. ಅವನು ಬಂಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಡೀ ದಿನ ಕಾದ, ನಾನು ಹೋಗಲೇ ಇಲ್ಲ. ಚಹಾದಂಗಡಿಯವನು ಪಾಪ, ಮುಂದಿನ ಬಸ್ಸಿಗೆ ಬರುತ್ತಾಳೆ ಎಂದು ಅವನಿಗೆ ಹೇಳುತ್ತಲೇ ಇದ್ದ. ಎರಡನೆಯ ವಾರ ಇನ್ನಷ್ಟು ಮಸಾಲೆ ಹಾಕಿದೆ. ಅವನ ತಾಯಿ ನನ್ನ ಶಾಲೆಗೇ ಬಂದು ಕೂತಳು. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ. ಕ್ಲಾಸು ಮುಗೀತು, ಬರುತ್ತಾರೆ ಎಂದು ಸಿಪಾಯಿ ಆಕೆಯನ್ನು ಸಂಜೆತನಕ ಕೂರಿಸಿದ. ಮೂರನೆಯ ವಾರ ಆ ಮಾಸ್ತರನಿಗೆ ಕಾಯಿಲೆ ತಂದು ಆಸ್ಪತ್ರೆಗೆ ಹಾಕಿದೆ. ನನ್ನನ್ನು ಒಮ್ಮೆ ನೋಡಬೇಕೆಂದು ಅವನು ಹೇಳಿ ಕಳಿಸಿದ, ನಾನು ಹೋಗಲಿಲ್ಲ, ಅವನ ಗೆಳೆಯ ಹಾಸಿಗೆಯ ಪಕ್ಕ ಕೂತು ದಾರಿಯಲ್ಲಿದ್ದಾಳೆ ಎಂದು ಸಮಾಧಾನ ಹೇಳಿದ. ಸುಳ್ಳು ಹೇಳುವುದರಲ್ಲಿ ನನಗಿಷ್ಟು ಕೈಗುಣ ಇದೆಯೆಂದು ಗೊತ್ತಿರಲಿಲ್ಲ.

ನಡುವೆ ಕಿವಿ ಅಗಲಿಸಿಕೊಂಡು ತಿರುಗಿದೆ. ಬಸ್ಸಿನಲ್ಲಿ ಮಾತಾಡುವ ಹೆಂಗಸರ ಹಿಂದಿನ ಸೀಟು ಹಿಡಿದೆ. ಸವಣೂರಿನ ಖಾರದ ತಿಂಡಿಯ ಅಂಗಡಿಯ ಮುಂದೆ, ಬೇಡದಿದ್ದರೂ ಖಾರ ಕಟ್ಟಿಸಿಕೊಳ್ಳುತ್ತ ನಿಂತೆ. ಆ ಅಂಗಡಿಗೆ ತಿಳಿಯದ ಸುದ್ದಿ ಸವಣೂರಿನಲ್ಲಿ ಹುಟ್ಟುವುದಿಲ್ಲ. ತಿಳವಳ್ಳಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬಳಿದ್ದಾಳೆ, ಅವಳ ಮನೆಗೆ ಸುಮ್ಮನೆ ಹೋಗಿ ಚಹಾ ಕುಡಿದೆ. ಯಾರೂ ಏನೂ ಅನ್ನಲಿಲ್ಲ. ನನ್ನ ಮಾಸ್ತರ ಬಂಕಾಪುರದಲ್ಲಿ ಕಾಯುತ್ತ ನಿಂತವನು ಆ ಖೋಲಿ ಬಿಟ್ಟು ಹೊರಗೆ ಬರಲೇ ಇಲ್ಲ. ನಾಚಿಕೆಯ ಮಾತೆಂದರೆ, ನನಗೆ ಸ್ವಲ್ಪ ಬೇಸರವೇ ಆಯಿತು.

ನಾಲ್ಕನೆಯ ಗುರುವಾರ ನಾನು ಕತೆ ಮುಂದುವರಿಸುವ ಮೊದಲೇ ಹಿಂದಿನಿಂದ ಅವರ ದನಿ ಬಂತು. ಮೂರು ವಾರದಲ್ಲಿ ಅವರು ಆಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ.

"ಮೂರೂ ವಾರದ ಕತಿ ಬ್ಯಾರೆ ಬ್ಯಾರೆ ಅದಾವು. ಆದ್ರ ಮೂರರಾಗೂ ಒಬ್ರು ಕಾಯಾಕತ್ತಾರ. ಅವರ ಬಾಜೂಕ ಒಬ್ರು ಕುಂತು, ಬರಾಕತ್ತಾಳ ಅಂತ ಸುಳ್ಳು ಹೇಳಾಕತ್ತಾರ. ಆ ಸುಳ್ಳು ಹೇಳಾವ್ರು ಯಾರ್ರಿ ಅಕ್ಕಾರ?"

ಮೂವತ್ತು ವರ್ಷ ನಾನು ಮಕ್ಕಳ ಪೇಪರಿನ ಮೇಲೆ ಬೆರಳಿಟ್ಟ ಹಾಗೆಯೇ ಅವರು ಬೆರಳಿಟ್ಟಿದ್ದರು. ಒಂದೇ ತಪ್ಪು, ಮೂರು ಕಡೆ. ಕಿಟಕಿಯಾಚೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರೊಂದು ನಿಂತಿತ್ತು. ಅದು ಹೊರಟು ಹೋಯಿತು. ಆಮೇಲೆ ಅವ್ವನ ಕೊನೆಯ ಮಧ್ಯಾಹ್ನವನ್ನು ಹೇಳಿದೆ. ಪೂರ್ತಿ ಹೇಳಿದೆ. ನಾನು ಅತ್ತೆ, ಮೂಗು ಒರೆಸಿಕೊಂಡೆ. ಈಗ ಏನು ಮಾಡಲಿ ಎಂದು ಕೇಳಿದೆ. ಅವರು ಹೇಳಲಿಲ್ಲ. ನನ್ನ ತಂಗಿ ಸೋಮವಾರ ಇಲ್ಲಿಗೆ ಬರುತ್ತಾಳೆ, ಅವಳು ನನ್ನ ಬಗ್ಗೆ ಏನು ಹೇಳಿದ್ದಾಳೆ ಎಂದು ಕೇಳಿದೆ. ಅದಕ್ಕೂ ಉತ್ತರವಿಲ್ಲ. ಆದರೆ ಇಬ್ಬರು ಅಕ್ಕತಂಗಿಯರ ಮಾತನ್ನು ತಾವೊಬ್ಬರೇ ಕೇಳುವುದು ಸರಿಯಲ್ಲ, ಹುಬ್ಬಳ್ಳಿಯಲ್ಲಿ ಬೇರೊಬ್ಬರಿದ್ದಾರೆ, ಬೇಕಾದರೆ ಅವರ ಹತ್ತಿರ ಹೋಗಿರಿ ಎಂದು ಮಾತ್ರ ಅಂದರು. ನಾನು ತಿಳವಳ್ಳಿಯವಳಲ್ಲ ಎಂದು ಅವರಿಗೆ ಯಾವಾಗಿನಿಂದ ಗೊತ್ತಿತ್ತೋ, ಆ ಸಂಶಯ ನನಗೆ ಇವತ್ತಿಗೂ ಇದೆ.

ಮುಂದಿನ ಗುರುವಾರ ಬಂಕಾಪುರದಲ್ಲಿ ಇಳಿದವಳು ಶಿಗ್ಗಾವಿಯ ಬಸ್ಸು ಬಿಟ್ಟು ಸವಣೂರಿನ ಬಸ್ಸು ಹತ್ತಿದೆ. ಹನ್ನೆರಡೂವರೆಯ ಹೊತ್ತು. ತಂಗಿ ಕಂಬಕ್ಕೆ ಆತು ಕೂತಿದ್ದಳು, ಪಕ್ಕದಲ್ಲಿ ಮುಚ್ಚಿಟ್ಟ ತಾಟು. ಚಪ್ಪಲಿ ಕಳೆದು ಅವಳೆದುರು ಕೂತೆ. ಬಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಗಿತ್ತು. ಅವ್ವ ನಿದ್ದೆಯಲ್ಲಿ ಹೋಗಲಿಲ್ಲ, ನಿನ್ನನ್ನು ಕೇಳಿದಳು, ನಾನು ಫೋನು ಮಾಡಲಿಲ್ಲ ಎಂದೆ. ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ. ಗೊತ್ತಿತ್ತು ಅನ್ನುತ್ತಾಳೆ ಎಂದು ಕಾದೆ.

"ಕೇಳಿದ್ಲಾ?" ಅಂದಳು.

ಹೌದೆಂದೆ.

"ನನ್ನ ಕೇಳಿದ್ಲಾ?"

ಮೂರು ಸಲ ಕೇಳಿದಳು ಎಂದೆ. ತಂಗಿ ಕಂಬ ಬಿಟ್ಟು ಮುಂದೆ ಸರಿದಳು.

"ಆಕಿಗೆ ನಾ ನೆನಪಾಗಲೇ ಇಲ್ಲ ಅಂತ ತಿಳಕೊಂಡಿದ್ದೆ, ಅಕ್ಕ. ಅದನ್ನ ಹೇಳಾಕತ್ತಿದ್ದೆ ನಾ, ಆ ಶಿಗ್ಗಾವ್ಯಾಗ. ಇಷ್ಟು ದಿನಾನೂ ಅದೊಂದ."

ಅವಳಿಗೆ ಏನೂ ಗೊತ್ತಿರಲಿಲ್ಲ. ಪಕ್ಕದ ಮನೆಯವಳು ಯಾರಿಗೂ ಏನೂ ಹೇಳಿರಲಿಲ್ಲ. ಊರ ತುಂಬ ಸೋರುವ ಬಾಯಿ ಹುಡುಕಿಕೊಂಡು ತಿರುಗಿದ ನಾನು, ಬಿಡಬೇಕಾದ ನನ್ನ ಬಾಯನ್ನೇ ಕಟ್ಟಿಕೊಂಡು ಅವಳನ್ನು ಉಪವಾಸ ಕೂರಿಸಿದ್ದೆ. ಇದಕ್ಕಿಂತ ದೊಡ್ಡ ನಾಚಿಕೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಇನ್ನು ಹೊರಡುವುದೇ ಸರಿ ಎಂದು ನಾನು ಚಪ್ಪಲಿ ಹುಡುಕುತ್ತಿರುವಾಗ ಹೊರಗೆ ಬಂದಳು. ಕಣ್ಣು ಕೆಂಪಗಾಗಿದ್ದವು. ಕೈಯಲ್ಲಿ ತಮ್ಮ ತೋಟದ ಎರಡು ಎಲೆ, ಒಂದು ಅಡಿಕೆ ಇತ್ತು. ನನ್ನ ಮುಂದೆ ಚಾಚಿದಳು. ಅಷ್ಟು ಸಿಟ್ಟಿನ ಮುಖವನ್ನು ನಾನು ಅವಳಲ್ಲಿ ನೋಡಿರಲಿಲ್ಲ.

"ಹಿಡಿ. ಗುರುವಾರಕ್ಕೊಮ್ಮೆ ಹನ್ನೆರಡಕ್ಕ ಇಲ್ಲಿ ಬರಬೇಕು ನೀ. ಅವ್ವ ಹೆಂಗ ಕೇಳಿದ್ಲು, ನೀ ಏನಂದಿ, ಬಸ್ಸು ಎಲ್ಲೆಲ್ಲಿ ಬಂತಂತ ಸುಳ್ಳು ಹೇಳಿದಿ, ಒಂದೂ ಬಿಡದ ಹೇಳಬೇಕು. ನಾ ಸಾಕು ಅನ್ನೂತನಕ."

ನಾನು ಎರಡೂ ಕೈ ಒಡ್ಡಿ ಹಿಡಿದೆ.

ಕ್ಷಮಿಸಿದ್ದಾಳೋ ಇಲ್ಲವೋ ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಶಿಗ್ಗಾವಿಗೆ ಅವಳು ಈಗಲೂ ಹೋಗುತ್ತಾಳೆ, ಅಲ್ಲಿ ಏನು ಹೇಳುತ್ತಾಳೆಂದು ಕೇಳುವುದನ್ನೂ ಬಿಟ್ಟಿದ್ದೇನೆ. ಗುರುವಾರ ಹನ್ನೆರಡಕ್ಕೆ ನಾನು ಕಂಬದ ಹತ್ತಿರ ಕೂತು ಮೊದಲಿನಿಂದ ಹೇಳುತ್ತೇನೆ. ಅವ್ವ ಕಣ್ಣು ತೆರೆದದ್ದು, ಸಣ್ಣಾಕಿ ಬಂದ್ಲೇನು ಅಂದದ್ದು, ಬಸ್ಸು ಸವಣೂರು ಬಿಟ್ಟದ್ದು. ಬಂಕಾಪುರಕ್ಕೆ ಬಂದಾಗ ಪ್ರತಿ ಸಲವೂ ನಾನು ನೀರಿನ ತಂಬಿಗೆಗೆ ಕೈ ಚಾಚುತ್ತೇನೆ. ತಂಗಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟುಕೊಂಡು, "ಮುಂದ?" ಅನ್ನುತ್ತಾಳೆ.